ಸ್ವಾಹಿಲಿ ಜನರ ಇತಿಹಾಸವನ್ನು ಅವರೇ ಬರೆದಿಟ್ಟಿದ್ದಾರೆ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಬಗ್ಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಭಾಗದ ಸಿದ್ದಿಗಳ ಇಂದಿನ ಬದುಕು, ಅವರ ಜಮೀನಿನ ತೊಡಕುಗಳು, 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ ಬಳಿಕದ ಪರಿಸ್ಥಿತಿ, ಇವನ್ನೆಲ್ಲ ಲೇಖಕರು ಕಾಳಜಿಯಿಂದ ವಿವರಿಸಿದ್ದಾರೆ. ಆದರೆ ಹಿನ್ನೆಲೆ ಹೇಳುವಾಗ ಅವರು ಬರೆದ ಒಂದು ಮಾತನ್ನು ಹಾಗೆಯೇ ಬಿಡಲು ಮನಸ್ಸು ಒಪ್ಪಲಿಲ್ಲ. ಪೂರ್ವ ಆಫ್ರಿಕಾದ ಕರಾವಳಿಗೆ ಲಿಖಿತ ಇತಿಹಾಸವೇ ಇರಲಿಲ್ಲ, ಪೋರ್ಚುಗೀಸರ ಬರಹಗಳಿಂದಲೇ ಆ ನೆಲದ ವಿಷಯ ಹೊರಜಗತ್ತಿಗೆ ತಿಳಿಯಿತು ಎಂಬುದು ಆ ಮಾತು. ಇದು ಆ ಲೇಖಕರೊಬ್ಬರ ಅಭಿಪ್ರಾಯವಲ್ಲ. ನಮ್ಮಲ್ಲಿ ಬಹಳ ಕಾಲದಿಂದ ಬೇರೂರಿರುವ ನಂಬಿಕೆ. ಇತಿಹಾಸದ ಅಧ್ಯಾಪಕನಾಗಿ ಕೆಲಸ ಮಾಡಿದ ನಾನು ತರಗತಿಗಳಲ್ಲಿ ಇದನ್ನೇ ಮತ್ತೆ ಮತ್ತೆ ಕೇಳಿದ್ದೇನೆ. ಆದ್ದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಸೋಮಾಲಿಯಾದ ದಕ್ಷಿಣ ದಡದಿಂದ ಹಿಡಿದು ಕೀನ್ಯಾ, ತಾಂಜಾನಿಯಾಗಳ ಉದ್ದಕ್ಕೂ ಮೊಜಾಂಬಿಕ್‌ನ ಉತ್ತರ ಭಾಗದವರೆಗೆ ಹಬ್ಬಿರುವ ಕರಾವಳಿಯಲ್ಲಿ, ಲಾಮು, ಪಾಟೆ, ಮೊಂಬಾಸಾ, ಪೆಂಬಾ, ಜಾಂಜಿಬಾರ್, ಕಿಲ್ವಾ ಮೊದಲಾದ ದ್ವೀಪಗಳಲ್ಲಿ ಮತ್ತು ಬಂದರುಗಳಲ್ಲಿ, ಹವಳದ ಕಲ್ಲಿನಿಂದ ಮನೆ, ಮಸೀದಿಗಳನ್ನು ಕಟ್ಟಿಕೊಂಡು ಸಾವಿರ ವರ್ಷಕ್ಕೂ ಮೀರಿ ಬದುಕಿದ ಜನ ಸ್ವಾಹಿಲಿಗಳು. ಅವರ ಭಾಷೆ ಆಫ್ರಿಕಾದ ಬಾಂಟು ಕುಟುಂಬಕ್ಕೆ ಸೇರಿದ್ದು, ಧರ್ಮ ಇಸ್ಲಾಂ. ಜಾಂಜಿಬಾರ್ ದ್ವೀಪದ ಕಿಜಿಮ್‌ಕಾಜಿ ಎಂಬಲ್ಲಿನ ಮಸೀದಿಯ ಗೋಡೆಯಲ್ಲಿ ಹಿಜರಿ 500ರ, ಅಂದರೆ ಕ್ರಿ.ಶ. 1107ರ, ಕೂಫಿ ಎಂಬ ಹಳೆಯ ಶೈಲಿಯ ಅರಬ್ಬಿ ಲಿಪಿಯ ಶಾಸನ ಇಂದಿಗೂ ಉಳಿದಿದೆ. ನಮ್ಮಲ್ಲಿ ಹೊಯ್ಸಳ ವಿಷ್ಣುವರ್ಧನ ಪಟ್ಟಕ್ಕೆ ಬರುತ್ತಿದ್ದ ಕಾಲ ಅದು. ಅಕ್ಷರ ಅವರಿಗೆ ಪೋರ್ಚುಗೀಸರು ತಂದುಕೊಟ್ಟ ವಸ್ತುವಾಗಿರಲಿಲ್ಲ ಎಂಬುದಕ್ಕೆ ಆ ಒಂದು ಗೋಡೆ ಸಾಕು.

ಈ ಕರಾವಳಿಯ ಕುರಿತ ಅರಬ್ಬಿ ಬರಹಗಳಲ್ಲಿ ಎರಡು ಬಗೆಯವನ್ನು ಬೇರೆ ಮಾಡಿ ನೋಡಬೇಕು. ಮೊದಲನೆಯದು ಹೊರಗಿನಿಂದ ಬಂದವರು ಬರೆದದ್ದು. ಬಾಗ್ದಾದಿನ ಅಲ್ ಮಸೂದಿ 916ರ ಸುಮಾರಿಗೆ ಈ ಕಡಲಿನಲ್ಲಿ ಪ್ರಯಾಣ ಮಾಡಿದವನು. ಜಂಜ್ ಜನರ (ಪೂರ್ವ ಆಫ್ರಿಕಾದವರನ್ನು ಅರಬರು ಕರೆಯುತ್ತಿದ್ದ ಹೆಸರು ಅದು) ನಾಡಿನ ಆನೆದಂತ ಒಮಾನಿಗೆ ಹೋಗಿ ಅಲ್ಲಿಂದ ಭಾರತಕ್ಕೂ ಚೀನಕ್ಕೂ ಸಾಗುತ್ತಿತ್ತೆಂದೂ, ಭಾರತದಲ್ಲಿ ಅದರಿಂದ ಕಠಾರಿಯ ಹಿಡಿಗಳನ್ನೂ ಚದುರಂಗದ ಕಾಯಿಗಳನ್ನೂ ಮಾಡುತ್ತಿದ್ದರೆಂದೂ ಬರೆದಿದ್ದಾನೆ. 1331ರಲ್ಲಿ ಮೊಂಬಾಸಾ ಮತ್ತು ಕಿಲ್ವಾಗಳಿಗೆ ಬಂದ ಇಬ್ನ್ ಬತೂತ, ಕಿಲ್ವಾದ ಸುಲ್ತಾನ ಹಸನ್ ಬಿನ್ ಸುಲೈಮಾನನ ದಾನಬುದ್ಧಿಯನ್ನು ಹೊಗಳಿದ್ದಾನೆ. ನಮ್ಮ ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು ಬರೆದವನೂ ಇವನೇ. ಒಂದೇ ಪುಸ್ತಕದಲ್ಲಿ ಕಿಲ್ವಾವೂ ಹೊನ್ನಾವರವೂ ಇವೆ. ಹೊನ್ನಾವರದ ಪುಟಗಳನ್ನು ನಾವು ಅಭಿಮಾನದಿಂದ ಉದ್ಧರಿಸುತ್ತೇವೆ, ಕಿಲ್ವಾದ ಪುಟಗಳನ್ನು ಮಗುಚಿ ಮುಂದೆ ಹೋಗುತ್ತೇವೆ. ಇಂಥ ಪ್ರವಾಸಿಗಳ ಮಾತಿಗೆ ಬೆಲೆಯಿದೆ, ಆದರೆ ಅದು ಕೆಲವು ದಿನ ಇದ್ದು ಹೋದ ಅತಿಥಿಯ ಮಾತು.

ಎರಡನೆಯ ಬಗೆಯದು ಸ್ವಾಹಿಲಿ ನಗರಗಳವರೇ ತಮ್ಮ ಬಗ್ಗೆ ಬರೆದುಕೊಂಡದ್ದು. ನನ್ನ ಪತ್ರದ ಮುಖ್ಯ ವಿಷಯ ಇದೇ. ಇವುಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಕಿಲ್ವಾದ ವೃತ್ತಾಂತ. 16ನೆಯ ಶತಮಾನದ ಮೊದಲ ಭಾಗದಲ್ಲಿ ಅರಬ್ಬಿಯಲ್ಲಿ ರಚಿತವಾದ ಈ ಕೃತಿಯ ಹೆಸರು ‘ಕಿತಾಬ್ ಅಲ್ ಸುಲ್ವಾ’. ಇಂದು ನಮಗೆ ದೊರೆಯುವ ಅರಬ್ಬಿ ಪ್ರತಿ 1877ರಲ್ಲಿ ಜಾಂಜಿಬಾರಿನಲ್ಲಿ ನಕಲಾದದ್ದು. ಅಲ್ಲಿನ ಸುಲ್ತಾನ ಬರ್ಗಶ್ ಅದನ್ನು ಬ್ರಿಟಿಷ್ ಪ್ರತಿನಿಧಿ ಜಾನ್ ಕರ್ಕ್‌ಗೆ ಕೊಟ್ಟ, ಅದು ಲಂಡನ್ನಿಗೆ ಹೋಯಿತು, 1895ರಲ್ಲಿ ಅಚ್ಚಾಯಿತು. ಪೀಠಿಕೆಯಲ್ಲಿ ಹತ್ತು ಅಧ್ಯಾಯಗಳ ಯೋಜನೆಯಿದ್ದರೂ ಪ್ರತಿಯಲ್ಲಿ ಸಿಗುವುದು ಏಳು ಮಾತ್ರ. ಇದೇ ವೃತ್ತಾಂತದ ಇನ್ನೊಂದು ಪಾಠ, ಪೋರ್ಚುಗಲ್ಲಿನ ಇತಿಹಾಸಕಾರ ಜೊವಾವ್ ದ ಬಾರೋಸ್ 1552ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿದೆ. ಅಂದರೆ ಪೋರ್ಚುಗೀಸರಿಂದಲೇ ತಿಳಿಯಿತು ಎಂದು ನಾವು ಹೇಳುವ ಕಿಲ್ವಾದ ರಾಜರ ಪಟ್ಟಿಯನ್ನು ಪೋರ್ಚುಗೀಸರು ಪಡೆದದ್ದು ಕಿಲ್ವಾದವರ ಬರಹದಿಂದ. ಲೇಖನದ ಮಾತು ಇಲ್ಲಿಯೇ ತಲೆಕೆಳಗಾಗುತ್ತದೆ.

ಆ ವೃತ್ತಾಂತದ ಆರಂಭವನ್ನು ತುಸು ಹತ್ತಿರದಿಂದ ನೋಡಬೇಕು. ಪರ್ಷಿಯಾದ ಶೀರಾಜಿನ ದೊರೆ ಕಬ್ಬಿಣದ ಮೂತಿಯ ಇಲಿಯೊಂದು ಊರಿನ ಗೋಡೆಯನ್ನು ಕೊರೆಯುವ ಕನಸು ಕಾಣುತ್ತಾನೆ. ನಾಡು ಹಾಳಾಗುವ ಸೂಚನೆ ಅದೆಂದು ತಿಳಿದು ಮಕ್ಕಳೊಡನೆ ಏಳು ಹಡಗುಗಳಲ್ಲಿ ಹೊರಡುತ್ತಾನೆ. ಒಂದೊಂದು ಹಡಗು ಒಂದೊಂದು ಊರಿನಲ್ಲಿ ನಿಲ್ಲುತ್ತದೆ. ಕಿಲ್ವಾಕ್ಕೆ ಬಂದ ಹಡಗಿನವರು ಆ ದ್ವೀಪದ ಒಡೆಯನಿಂದ ದ್ವೀಪವನ್ನೇ ಕೊಳ್ಳುತ್ತಾರೆ. ಬೆಲೆ ಏನೆಂದರೆ, ದ್ವೀಪದ ಸುತ್ತಲೂ ಹಾಸಲು ಸಾಲುವಷ್ಟು ಬಣ್ಣದ ಬಟ್ಟೆ. ಬಾರೋಸನ ಪಾಠದಲ್ಲಿ ಕನಸೂ ಇಲ್ಲ, ಏಳು ಹಡಗುಗಳೂ ಇಲ್ಲ. ಅಲ್ಲಿ ಶೀರಾಜಿನಿಂದ ಹೊರಟವನು ಅಬಿಸೀನಿಯಾದ ದಾಸಿಯ ಮಗ, ಸೋದರರ ತಿರಸ್ಕಾರ ತಾಳಲಾರದೆ ನಾಡು ಬಿಟ್ಟವನು. ದ್ವೀಪವನ್ನು ಬಟ್ಟೆ ಕೊಟ್ಟು ಕೊಂಡ ಸಂಗತಿ ಮಾತ್ರ ಎರಡರಲ್ಲೂ ಇದೆ.

ಇದನ್ನು ಓದಿದ ಕೂಡಲೇ ಕಟ್ಟುಕಥೆಯೆಂದು ಬದಿಗೆ ಸರಿಸುವವರಿದ್ದಾರೆ. ಅಕ್ಷರಶಃ ನಂಬಿ, ಸ್ವಾಹಿಲಿ ನಾಗರಿಕತೆಯೆಲ್ಲ ಪರ್ಷಿಯನ್ನರೂ ಅರಬರೂ ಕಟ್ಟಿದ್ದೆಂದು ತೀರ್ಮಾನಿಸಿದವರೂ ಇದ್ದರು. ವಸಾಹತು ಕಾಲದ ಬಹುತೇಕ ವಿದ್ವಾಂಸರು ಈ ಎರಡನೆಯ ಗುಂಪಿನವರು. ಕಲ್ಲಿನ ಮಸೀದಿ, ನಾಣ್ಯ, ಬರಹ, ಇವನ್ನೆಲ್ಲ ಆಫ್ರಿಕಾದವರು ಮಾಡಿದರೆಂದು ಒಪ್ಪುವುದು ಅವರಿಗೆ ಕಷ್ಟವಾಗಿತ್ತು. ಆದರೆ ಕನ್ನಡದ ಓದುಗರಿಗೆ, ಅದರಲ್ಲೂ ಕರಾವಳಿಯವರಿಗೆ, ಇಂಥ ಬರಹವನ್ನು ಓದುವ ವಿಧಾನ ಹೊಸತಲ್ಲ. ತುಳುನಾಡಿನ ‘ಗ್ರಾಮಪದ್ಧತಿ’ಯಲ್ಲಿ ಮಯೂರವರ್ಮ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಗ್ರಾಮಗಳಲ್ಲಿ ನೆಲೆಗೊಳಿಸಿದ ಕಥೆಯಿದೆ. ಅದನ್ನು ನಮ್ಮ ಇತಿಹಾಸಕಾರರು ಪೂರ್ಣವಾಗಿ ನಂಬಲೂ ಇಲ್ಲ, ಕಸದ ಬುಟ್ಟಿಗೆ ಹಾಕಲೂ ಇಲ್ಲ. ಯಾರು, ಯಾವಾಗ, ಯಾವ ಹಕ್ಕನ್ನು ಸ್ಥಾಪಿಸುವುದಕ್ಕಾಗಿ ಹೀಗೆ ಬರೆದರು ಎಂದು ಕೇಳಿದರು, ಶಾಸನಗಳ ಜತೆಗಿಟ್ಟು ತೂಗಿದರು. ದೂರದ ಪವಿತ್ರ ಊರೊಂದರಿಂದ ಬಂದೆವೆಂದು ಹೇಳಿಕೊಳ್ಳುವ ವಂಶಾವಳಿ, ನೆಲದ ಮೇಲಿನ ಅಧಿಕಾರಕ್ಕೆ ಸಾಕ್ಷಿಪತ್ರದ ಹಾಗೆ ಕೆಲಸ ಮಾಡುತ್ತದೆ ಎಂಬುದು ನಮಗೆ ಗೊತ್ತು. ಕಿಲ್ವಾದ ವೃತ್ತಾಂತಕ್ಕೂ ಅದೇ ನ್ಯಾಯ ಸಲ್ಲಬೇಕು.

ಆ ಕಣ್ಣಿನಿಂದ ಓದಿದಾಗ, ಹೊರಗಿನಿಂದ ಬಂದವರ ಹೆಮ್ಮೆಯನ್ನು ಹೇಳಲು ಹೊರಟ ಬರಹವೇ ಬೇರೆ ಸಂಗತಿಯೊಂದನ್ನು ಬಿಟ್ಟುಕೊಡುತ್ತದೆ. ಶೀರಾಜಿನವರು ಕಿಲ್ವಾದಲ್ಲಿ ಇಳಿದಾಗ ಅವರಿಗೆ ಎದುರಾದವನು ಒಬ್ಬ ಮುಸಲ್ಮಾನ, ಅವನ ಜತೆಗೆ ಅವನ ಮಕ್ಕಳು. ಹೆಸರು ಮುರಿರಿ ವಾ ಬಾರಿ ಎನ್ನುತ್ತಾರೆ. ಊರಿನಲ್ಲಿ ಆಗಲೇ ಒಂದು ಮಸೀದಿಯಿತ್ತು, ಎಂದು ಅರಬ್ಬಿ ಪಾಠ ಹೇಳುತ್ತದೆ. ಸ್ಥಳೀಯ ಹೆಸರಿನ ಮುಸಲ್ಮಾನ, ಮಸೀದಿಯಿರುವ ಊರು, ಒಡೆಯನಿರುವ ದ್ವೀಪ, ಬಟ್ಟೆಗೆ ಬೆಲೆ ಕಟ್ಟಬಲ್ಲ ವ್ಯಾಪಾರ, ಇವೆಲ್ಲವೂ ರಾಜವಂಶದ ಮೂಲಪುರುಷ ಕಾಲಿಡುವ ಮೊದಲೇ ಅಲ್ಲಿದ್ದವು. ನನ್ನ ಮಟ್ಟಿಗೆ ಇಡೀ ವೃತ್ತಾಂತದಲ್ಲಿ ಇದಕ್ಕಿಂತ ಬೆಲೆಯುಳ್ಳ ಭಾಗ ಬೇರೆ ಇಲ್ಲ.

ಉತ್ಖನನಗಳು ಹೇಳುವುದೂ ಇದಕ್ಕೆ ದೂರವಾಗಿಲ್ಲ. 1980ರ ದಶಕದಲ್ಲಿ ಪಾಟೆ ದ್ವೀಪದ ಶಾಂಗಾ ಎಂಬಲ್ಲಿ ಅಗೆದಾಗ ಒಂದರ ಮೇಲೊಂದಾಗಿ ಕಟ್ಟಿದ ಮಸೀದಿಗಳ ಸರಣಿ ಸಿಕ್ಕಿತು; ಅತಿ ಕೆಳಗಿನವು ಮರದವು, 8ನೆಯ ಶತಮಾನದ ಕೊನೆಯಷ್ಟು ಹಳೆಯವು. ಊರು ನಿಧಾನವಾಗಿ, ಒಳಗಿನಿಂದಲೇ ಬೆಳೆದದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಇನ್ನು ವೃತ್ತಾಂತ ಹೆಸರಿಸುವ ಅಲಿ ಬಿನ್ ಅಲ್ ಹಸನ್ ಎಂಬ ಮೊದಲ ಸುಲ್ತಾನನ ವಿಷಯ. ಅವನ ಹೆಸರಿನ ಸಣ್ಣ ನಾಣ್ಯಗಳು ಕಿಲ್ವಾದಲ್ಲಿ ಹೇರಳವಾಗಿ ದೊರೆತಿವೆ. ಒಂದು ಬದಿಯಲ್ಲಿ ಹೆಸರು, ಇನ್ನೊಂದು ಬದಿಯಲ್ಲಿ ಅದಕ್ಕೆ ಪ್ರಾಸ ಕೂಡುವಂತೆ ದೇವರಲ್ಲಿ ಭರವಸೆಯಿಟ್ಟವನು ಎಂಬ ಅರ್ಥದ ಸಾಲು. 1960ರ ದಶಕದಲ್ಲಿ ಕಿಲ್ವಾವನ್ನು ಅಗೆದ ನೆವಿಲ್ ಚಿಟಿಕ್ ಈ ದೊರೆಯನ್ನು ಸುಮಾರು 1200ಕ್ಕೆ ತಂದು ನಿಲ್ಲಿಸಿದರು. ವೃತ್ತಾಂತ ಹೇಳುವ ಕಾಲ ಅದಕ್ಕಿಂತ ಬಹಳ ಹಿಂದಿನದಾದ್ದರಿಂದ ಬರಹ ತಪ್ಪೆಂದು ಎಲ್ಲರೂ ಅಂದುಕೊಂಡರು. ಆದರೆ 1984ರಲ್ಲಿ ಪೆಂಬಾ ದ್ವೀಪದ ಮ್ತಂಬ್ವೆ ಮ್ಕೂ ಎಂಬಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿ ದೊರೆತಾಗ, ಅಲಿ ಬಿನ್ ಅಲ್ ಹಸನ್ ಹೆಸರಿನ ನಾಣ್ಯಗಳು 11ನೆಯ ಶತಮಾನದ ಚಿನ್ನದ ದಿನಾರುಗಳ ಜತೆಯಲ್ಲೇ ಇದ್ದವು. ದೊರೆಯ ಕಾಲ ಹಿಂದಕ್ಕೆ ಸರಿಯಿತು, ಬರಹದ ಮಾತಿಗೆ ಮತ್ತೆ ತೂಕ ಬಂತು. ಹಸ್ತಪ್ರತಿಯೂ ಮಣ್ಣಿನಡಿಯ ನಾಣ್ಯವೂ ಒಂದನ್ನೊಂದು ತಿದ್ದುತ್ತ ಹೋಗುವ ಇಂಥ ಉದಾಹರಣೆಗಳನ್ನು ಕಂಡಾಗ ಇತಿಹಾಸದ ವಿದ್ಯಾರ್ಥಿಗೆ ಆಗುವ ಸಂತೋಷ ಬೇರೆಯೇ.

ವಂಶವಾಹಿಗಳ ಪರೀಕ್ಷೆಯೂ ಈಚೆಗೆ ಈ ಚರ್ಚೆಯನ್ನು ಸೇರಿಕೊಂಡಿದೆ. 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, ಈ ಕರಾವಳಿಯ ಮತ್ತು ಅದರ ಸಮೀಪದ ಹಳೆಯ ಗೋರಿಗಳಲ್ಲಿ ದೊರೆತ 80 ಜನರ ಅವಶೇಷಗಳನ್ನು ಪರೀಕ್ಷಿಸಿ, ಸುಮಾರು ಕ್ರಿ.ಶ. 1000ದ ಹೊತ್ತಿಗೇ ಆಫ್ರಿಕಾದ ಹೆಂಗಸರೂ ಪರ್ಷಿಯಾ ಕಡೆಯಿಂದ ಬಂದ ಗಂಡಸರೂ ಸೇರಿ ಸಂಸಾರ ಕಟ್ಟಿದ್ದರೆಂದು ತೋರಿಸಿತು. ಏಷ್ಯಾದಿಂದ ಬಂದ ಪಾಲಿನಲ್ಲಿ ಭಾರತದ ಅಂಶವೂ ಸ್ವಲ್ಪ ಕಂಡಿತು. ಶೀರಾಜಿನ ಕಥೆ ಶುದ್ಧ ಕಲ್ಪನೆಯೆಂದವರ ಮಾತೂ ನಿಲ್ಲಲಿಲ್ಲ, ಎಲ್ಲವೂ ಹೊರಗಿನವರದೇ ಎಂದವರ ಮಾತೂ ನಿಲ್ಲಲಿಲ್ಲ. ಮನೆಯ ಮಾತು ತಾಯಂದಿರದಾಗಿಯೇ ಉಳಿಯಿತು ಎಂಬುದನ್ನು ಇಲ್ಲಿ ಮರೆಯಬಾರದು.

ಪೋರ್ಚುಗೀಸರು ಬಂದ ಸಂದರ್ಭವನ್ನೂ ಇದೇ ವೃತ್ತಾಂತ ದಾಖಲಿಸುತ್ತದೆ. ಫ್ರಾಂಕರ, ಅಂದರೆ ಪೋರ್ಚುಗೀಸರ, ಹಡಗುಗಳು ಬಂದವೆಂಬ ಸುದ್ದಿ ಕಿಲ್ವಾಕ್ಕೆ ಮುಟ್ಟಿದಾಗ ಕೆಲವರು ಸಂತೋಷಪಟ್ಟರು, ಆದರೆ ನಿಜ ಬಲ್ಲವರು, ಇವರು ನಾಡನ್ನು ಕಬಳಿಸಲು ಗುಟ್ಟು ತಿಳಿದುಕೊಳ್ಳಲು ಬಂದವರು ಎಂದು ಗುರುತಿಸಿದರು ಎಂಬ ಅರ್ಥದ ಮಾತು ಅಲ್ಲಿದೆ. ಅದು ಎಷ್ಟು ನಿಜವೆಂಬುದು 1505ರಲ್ಲಿ ತಿಳಿಯಿತು. ಫ್ರಾನ್ಸಿಸ್ಕೊ ದ ಅಲ್ಮೇಡನ ನೌಕಾಪಡೆ ಆ ವರ್ಷದ ಜುಲೈನಲ್ಲಿ ಕಿಲ್ವಾವನ್ನು, ಆಗಸ್ಟ್‌ನಲ್ಲಿ ಮೊಂಬಾಸಾವನ್ನು ಸೂರೆ ಮಾಡಿ, ಅಲ್ಲಿಂದ ನೇರವಾಗಿ ಕಾರವಾರದ ಎದುರಿನ ಅಂಜದೀವ ದ್ವೀಪಕ್ಕೆ ಬಂದು ಕೋಟೆ ಕಟ್ಟಲು ತೊಡಗಿ, ಅಕ್ಟೋಬರ್‌ನಲ್ಲಿ ಹೊನ್ನಾವರದ ಮೇಲೆ ದಾಳಿ ಮಾಡಿತು. ಒಂದೇ ಪಡೆ, ಒಂದೇ ಮುಂಗಾರಿನ ಆಚೆ ಈಚೆ. ನಮ್ಮೂರಿನ ಅನುಭವವನ್ನು ನಾವು ಇಂದಿಗೂ ಬಹುಪಾಲು ದಾಳಿ ಮಾಡಿದವರ ದಾಖಲೆಗಳಿಂದಲೇ ಕಟ್ಟಿಕೊಳ್ಳಬೇಕಾಗಿದೆ; ಕಿಲ್ವಾದವರು ದಾಳಿಗೊಳಗಾದವರ ಮಾತನ್ನೂ ಬರೆದಿಟ್ಟರು. ಲಿಖಿತ ಇತಿಹಾಸವಿಲ್ಲದವರು ಎಂಬ ಮಾತನ್ನು ಅವರ ಬಗ್ಗೆ ಆಡುವ ಮೊದಲು ಇಷ್ಟನ್ನಾದರೂ ಯೋಚಿಸಬೇಕು.

ಪಾಟೆ ದ್ವೀಪದ ವೃತ್ತಾಂತದ ಕಥೆ ಬೇರೆ ರೀತಿಯದು. ಅಲ್ಲಿ ಆಳಿದ ನಬಹಾನಿ ವಂಶದ ಈ ಚರಿತ್ರೆ ಅರಬ್ಬಿ ಲಿಪಿಯ ಸ್ವಾಹಿಲಿಯಲ್ಲಿ ದೊರೆಯುತ್ತದೆ. ಹಳೆಯ ಮೂಲಪ್ರತಿ 1890ರಲ್ಲಿ ಬ್ರಿಟಿಷರು ವಿಟು ಪಟ್ಟಣದ ಮೇಲೆ ನಡೆಸಿದ ದಾಳಿಯಲ್ಲಿ ನಾಶವಾಯಿತೆಂದು ಹೇಳುತ್ತಾರೆ. ಆ ಬಳಿಕ, ವಂಶದ ಹಿರಿಯರೊಬ್ಬರಾದ ಬ್ವಾನಾ ಕಿಟಿನಿ ಎಂಬುವರ ನೆನಪನ್ನು ಆಧರಿಸಿ ಬೇರೆ ಬೇರೆ ಅಧಿಕಾರಿಗಳು ಬೇರೆ ಬೇರೆ ಪ್ರತಿಗಳನ್ನು ಬರೆಸಿಕೊಂಡರು. ಹೀಗಾಗಿ ಪಾಠಾಂತರಗಳು ಹಲವು. ವಂಶದ ಮೂಲಪುರುಷ ಒಮಾನಿನಿಂದ ಬಂದದ್ದು ಹಿಜರಿ 600ರಲ್ಲಿ, ಅಂದರೆ 1204ರ ಸುಮಾರಿನಲ್ಲಿ, ಎಂದು ಅದು ಹೇಳಿದರೆ, ಆಗಮನ ಅದಕ್ಕಿಂತ ಶತಮಾನಗಳಷ್ಟು ಈಚಿನದು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಪಾಠಗಳು ಒಂದಕ್ಕೊಂದು ತಾಳೆಯಾಗದಿರುವುದು ದೋಷವೆಂದು ನನಗನ್ನಿಸುವುದಿಲ್ಲ. ಯಾವ ಮನೆತನ ಯಾವ ಪೀಳಿಗೆಯನ್ನು ಉಳಿಸಿಕೊಂಡಿತು, ಯಾವುದನ್ನು ಬಿಟ್ಟಿತು ಎಂಬುದೇ ಅಲ್ಲಿ ಇತಿಹಾಸ. ಮೊಂಬಾಸಾದ ಮಜ್ರುಯಿ ಮನೆತನದ ಚರಿತ್ರೆಯನ್ನು ಆ ಮನೆತನದವರೇ ಆದ, ಕೀನ್ಯಾದ ಮುಖ್ಯ ಖಾಜಿಯಾಗಿದ್ದ ಶೇಖ್ ಅಲ್ ಅಮೀನ್ ಬಿನ್ ಅಲಿ ಅರಬ್ಬಿಯಲ್ಲಿ ಬರೆದರು; ಅವರು ತೀರಿಕೊಂಡದ್ದು 1947ರಲ್ಲಿ. ಅಂದರೆ ಈ ಬರವಣಿಗೆಯ ಪರಂಪರೆ ಮೊನ್ನೆ ಮೊನ್ನೆಯವರೆಗೂ ಜೀವಂತವಾಗಿತ್ತು. ಕಾವ್ಯದ ಹಸ್ತಪ್ರತಿಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ; 1728ರಲ್ಲಿ ಪಾಟೆಯ ಬ್ವಾನಾ ಮ್ವೆಂಗೊ ಬರೆದ ತಂಬೂಕಾ ಯುದ್ಧದ ದೀರ್ಘಕಾವ್ಯದಿಂದ ಹಿಡಿದು, 19ನೆಯ ಶತಮಾನದ ಆರಂಭದಲ್ಲಿ ಪಾಟೆಯ ಹಾಳುಬಿದ್ದ ಮಹಡಿಮನೆಗಳನ್ನು ನೋಡಿ ಹಾಡಿದ ‘ಅಲ್ ಇಂಕಿಶಾಫಿ’ಯವರೆಗೆ ಅದು ತನ್ನದೇ ಒಂದು ಲೋಕ.

ಇನ್ನು ನಮಗೆ ಅತಿ ಹತ್ತಿರದ ಸಂಗತಿಗೆ ಬರುತ್ತೇನೆ. ಇದುವರೆಗೆ ದೊರೆತಿರುವ ಸ್ವಾಹಿಲಿ ಭಾಷೆಯ ಬರಹಗಳಲ್ಲಿ ಅತ್ಯಂತ ಹಳೆಯವೆಂದು ಪರಿಗಣಿಸಲಾದ ಮೂಲಪತ್ರಗಳು ಆಫ್ರಿಕಾದಲ್ಲಿಲ್ಲ, ಲಂಡನ್ನಿನಲ್ಲಿಯೂ ಇಲ್ಲ. ಅವು ಪಣಜಿಯ ಗೋವಾ ಐತಿಹಾಸಿಕ ಪತ್ರಾಗಾರದಲ್ಲಿವೆ. 1711ರಲ್ಲಿ ಕಿಲ್ವಾದಿಂದ ಅರಬ್ಬಿ ಲಿಪಿಯಲ್ಲಿ ಬರೆದು, ಮೊಜಾಂಬಿಕ್‌ನಲ್ಲಿದ್ದ ಪೋರ್ಚುಗೀಸರಿಗೂ ಅವರೊಡನೆ ಸ್ನೇಹದಿಂದಿದ್ದ ಸ್ಥಳೀಯರಿಗೂ ಕಳಿಸಿದ ಪತ್ರಗಳು ಅವು. ಆಗ ಕಿಲ್ವಾದ ಗದ್ದುಗೆಯ ಮೇಲಿದ್ದವಳು ಫಾತಿಮಾ ಎಂಬ ರಾಣಿ. ಒಮಾನಿನವರು 1698ರಲ್ಲಿ ಮೊಂಬಾಸಾದ ಕೋಟೆಯನ್ನು ಪೋರ್ಚುಗೀಸರಿಂದ ಕಸಿದುಕೊಂಡು ಕರಾವಳಿಯ ಮೇಲೆ ಹಿಡಿತ ಬಿಗಿಗೊಳಿಸುತ್ತಿದ್ದ ದಿನಗಳಲ್ಲಿ, ಎರಡು ಬಲಗಳ ನಡುವೆ ಸಿಕ್ಕ ಸಣ್ಣ ರಾಜ್ಯವೊಂದರ ಅರಮನೆಯವರು ತಮ್ಮ ಕೈಯಾರೆ ಬರೆಸಿದ ಮಾತುಗಳು ಅಲ್ಲಿವೆ. ಮೊಜಾಂಬಿಕ್‌ನ ಆಡಳಿತ 1752ರವರೆಗೆ ಗೋವೆಗೆ ಅಧೀನವಾಗಿದ್ದರಿಂದ ಆ ಕಾಗದಗಳು ಸಮುದ್ರ ದಾಟಿ ಪಣಜಿಯ ಕಡತಗಳನ್ನು ಸೇರಿದವು. ಕೆಳದಿ ಮತ್ತು ಸೋದೆಯ ಅರಸರು ಪೋರ್ಚುಗೀಸರೊಡನೆ ನಡೆಸಿದ ವ್ಯವಹಾರದ ಕಾಗದಪತ್ರಗಳನ್ನು ಹುಡುಕಿಕೊಂಡು ಕರ್ನಾಟಕದ ಸಂಶೋಧಕರು ಹೋಗುವುದೂ ಇದೇ ಪತ್ರಾಗಾರಕ್ಕೆ. ಕಾರವಾರದಿಂದ ಬೆಳಿಗ್ಗೆ ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ತಲುಪುವ ಜಾಗವದು. ಸ್ವಾಹಿಲಿಗಳಿಗೆ ಬರಹವಿರಲಿಲ್ಲವೆಂದು ನಮ್ಮ ಜಿಲ್ಲೆಯ ಸಿದ್ದಿಗಳ ಬಗೆಗಿನ ಲೇಖನವೊಂದು ಹೇಳುವಾಗ, ಆ ಬರಹಗಳಲ್ಲಿ ಅತಿ ಹಳೆಯವು ನಮ್ಮ ಗಡಿಯ ಪಕ್ಕದಲ್ಲೇ ಇದ್ದವು ಎಂಬುದು ನನಗೆ ತುಂಬ ನೋವಿನ ವಿಷಯ.

ಸಿದ್ದಿಗಳ ವಿಷಯಕ್ಕೆ ಬಂದರೆ ಒಂದು ಎಚ್ಚರಿಕೆ ಅಗತ್ಯ. ಅವರ ಪೂರ್ವಿಕರಲ್ಲಿ ಹೆಚ್ಚಿನವರನ್ನು ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವೆಗೆ ಗುಲಾಮರಾಗಿ ತಂದರು. ಅವರು ಬಹುಮಟ್ಟಿಗೆ ಒಳನಾಡಿನ ಜನ, ಕರಾವಳಿಯ ಸ್ವಾಹಿಲಿ ನಗರವಾಸಿಗಳಲ್ಲ. ಮೇಲೆ ಹೇಳಿದ ವೃತ್ತಾಂತಗಳನ್ನು ಬರೆದವರು ದೊರೆಗಳು, ಖಾಜಿಗಳು, ವರ್ತಕರು. ಗುಲಾಮರ ವ್ಯಾಪಾರದಲ್ಲಿ ಈ ನಗರಗಳಿಗೂ ಪಾಲಿತ್ತು. ಕಿಲ್ವಾದ ಸುಲ್ತಾನ ಒಳನಾಡಿನ ಮೇಲೆ ದಾಳಿ ಮಾಡುತ್ತಿದ್ದನೆಂದು ಇಬ್ನ್ ಬತೂತನೇ ಬರೆದಿದ್ದಾನೆ. ಹಸ್ತಪ್ರತಿಗಳ ಮೇಲಿನ ಅಭಿಮಾನದಲ್ಲಿ ಇದನ್ನು ಮುಚ್ಚಿಡಬಾರದು. ವಂಶಾವಳಿಗಳಲ್ಲಿ ಹಿಡಿದು ಮಾರಲ್ಪಟ್ಟವರ ಹೆಸರು ಸಿಗುವುದಿಲ್ಲ.

ಆದರೆ ಅರಬ್ಬಿ ದಾಖಲೆಗಳೆಂದರೆ ವಂಶಾವಳಿಗಳು ಮಾತ್ರವಲ್ಲ. 19ನೆಯ ಶತಮಾನದ ಜಾಂಜಿಬಾರಿನಲ್ಲಿ ಲವಂಗದ ತೋಟ, ಮನೆ, ಸಾಲ, ಅಡಮಾನ, ಯಾವುದೇ ವ್ಯವಹಾರಕ್ಕೂ ಅರಬ್ಬಿಯಲ್ಲಿ ಪತ್ರ ಬರೆಸುವುದು ವಾಡಿಕೆಯಾಗಿತ್ತು. ಕ್ರಯಪತ್ರ, ಕರಾರುಪತ್ರ, ಮರಣಶಾಸನ, ವಕ್ಫ್ ಪತ್ರ, ಗುಲಾಮರ ಬಿಡುಗಡೆಪತ್ರ, ಹೀಗೆ ದಿನಬಳಕೆಯ ಕಾಗದಗಳು ಜಾಂಜಿಬಾರಿನ ಪತ್ರಾಗಾರದಲ್ಲಿ ರಾಶಿ ರಾಶಿಯಾಗಿ ಉಳಿದಿವೆ. ಇವುಗಳಲ್ಲಿ ಗುಲಾಮರು ಮಾರಾಟದ ಸರಕಾಗಿ ಬರುತ್ತಾರೆ, ಇದನ್ನು ಓದುವುದು ಸುಲಭವಲ್ಲ. ಬಿಡುಗಡೆ ಹೊಂದಿದವರಾಗಿಯೂ ಬರುತ್ತಾರೆ. ಇಂಥವನಿಂದ ಬಿಡುಗಡೆ ಪಡೆದ ಇಂಥವನು ಎಂದು ಹೆಸರಿನ ಜತೆಗೇ ಹಳೆಯ ಒಡೆಯನ ಹೆಸರನ್ನು ಹೊತ್ತುಕೊಂಡು, ಆದರೂ ಪತ್ರದ ಒಂದು ಪಕ್ಷವಾಗಿ, ಸಾಲ ಪಡೆಯುವವನಾಗಿ, ಒಂದು ತುಂಡು ಭೂಮಿಯ ಹಕ್ಕುದಾರನಾಗಿ ಅವನು ಕಾಗದದ ಮೇಲೆ ಕಾಣಿಸಿಕೊಳ್ಳುತ್ತಾನೆ. ಒಡೆಯ ಮರಣಶಾಸನದಲ್ಲಿ ತನ್ನ ಆಳುಗಳನ್ನು ಬಿಡುಗಡೆ ಮಾಡಿ, ಅವರು ಮತ್ತು ಅವರ ಮಕ್ಕಳು ವಾಸಿಸಲೆಂದು ನೆಲವನ್ನು ವಕ್ಫ್ ಮಾಡಿದ ಉದಾಹರಣೆಗಳಿವೆ. 1873ರಲ್ಲಿ ಜಾಂಜಿಬಾರಿನ ಗುಲಾಮರ ಸಂತೆ ಮುಚ್ಚಿತು, 1897ರಲ್ಲಿ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆ ರದ್ದಾಯಿತು ಎಂಬ ಎರಡು ವರ್ಷಗಳನ್ನು ಪಠ್ಯಪುಸ್ತಕಗಳು ಕೊಡುತ್ತವೆ. ಆ ಎರಡು ವರ್ಷಗಳ ನಡುವೆ ಒಬ್ಬ ಮನುಷ್ಯ ಆಸ್ತಿಯಾಗಿದ್ದವನು ಆಸ್ತಿಯುಳ್ಳವನಾದದ್ದು ಹೇಗೆ ಎಂಬುದನ್ನು ಹೇಳುವುದು ಈ ಕಾಗದಗಳು. ಸಿದ್ದಿಗಳ ಪೂರ್ವಿಕರ ಹೆಸರು ಇವುಗಳಲ್ಲಿ ಸಿಗುತ್ತದೆಂದು ನಾನು ಹೇಳುತ್ತಿಲ್ಲ. ಅವರಂಥವರ ಬದುಕಿನ ಬಗ್ಗೆ ಬರೆಯುವವರು ನೋಡಲೇಬೇಕಾದ ಆಕರಗಳು ಇವು ಎನ್ನುತ್ತಿದ್ದೇನೆ.

ಇವನ್ನು ಓದುವುದು ಕಷ್ಟದ ಕೆಲಸವೆಂಬುದು ನಿಜ. ಸ್ವಾಹಿಲಿಯ ಪ, ಚ, ಗ ಮೊದಲಾದ ಧ್ವನಿಗಳಿಗೆ ಅರಬ್ಬಿಯಲ್ಲಿ ಅಕ್ಷರವಿಲ್ಲ. ಐದು ಸ್ವರಗಳಿಗೆ ಮೂರೇ ಗುರುತುಗಳು. ಒಂದೇ ಅಕ್ಷರ ಬ ಆಗಬಹುದು, ಪ ಆಗಬಹುದು. ಹಾಗಾಗಿ ಅರಬ್ಬಿ ಬಲ್ಲವನಿಗೂ ಸ್ವಾಹಿಲಿ ಬಾರದಿದ್ದರೆ ಓದಲಾಗದು, ಸ್ವಾಹಿಲಿ ಬಲ್ಲವನಿಗೂ ಆ ಊರಿನ ಉಪಭಾಷೆ ತಿಳಿಯದಿದ್ದರೆ ಅರ್ಥ ಹತ್ತದು. ಇದರ ಮೇಲೆ ಉಪ್ಪುಗಾಳಿ, ತೇವ, ಹುಳುಗಳ ಕಾಟ. ಲಾಮುವಿನ ರಿಯಾದಾ ಮಸೀದಿಯಲ್ಲಿ ಪೀಳಿಗೆಗಳಿಂದ ಕೂಡಿಟ್ಟ ಹಸ್ತಪ್ರತಿಗಳನ್ನು ಬ್ರಿಟಿಷ್ ಲೈಬ್ರರಿಯ ಅಳಿವಿನಂಚಿನ ದಾಖಲೆಗಳ ಯೋಜನೆಯಡಿ ಡಿಜಿಟಲ್ ರೂಪಕ್ಕೆ ತಂದಿದ್ದಾರೆ. ಅಲ್ಲಿ ಹೆಚ್ಚಾಗಿರುವುದು ಇಸ್ಲಾಮಿನ ಶಾಫಿ ಪಂಥದ ಧರ್ಮಶಾಸ್ತ್ರ, ವ್ಯಾಕರಣ, ಭಕ್ತಿಸಾಹಿತ್ಯ, ರಾಜರ ಕಥೆಗಳಲ್ಲ. ಆದರೆ ಒಂದು ಊರು ಏನು ಓದುತ್ತಿತ್ತು, ಯಾರು ಯಾರಿ‌ಗೆ ಪಾಠ ಹೇಳಿದರು, ಯಾವ ಪುಸ್ತಕ ಯಾರ ಮನೆಗೆ ದಾನವಾಗಿ ಹೋಯಿತು ಎಂಬುದು ಅಂಚಿನ ಟಿಪ್ಪಣಿಗಳಿಂದ ತಿಳಿಯುತ್ತದೆ. ಮಲಬಾರಿನ ಪೊನ್ನಾನಿಯ ಜೈನುದ್ದೀನ್ ಮಖ್ದೂಮರು 16ನೆಯ ಶತಮಾನದಲ್ಲಿ ಅರಬ್ಬಿಯಲ್ಲಿ ಬರೆದ ‘ಫತ್‌ಹುಲ್ ಮುಈನ್’ ಎಂಬ ಶಾಫಿ ಗ್ರಂಥ ಪೂರ್ವ ಆಫ್ರಿಕಾದ ಪಾಠಶಾಲೆಗಳಲ್ಲಿಯೂ ಪಠ್ಯವಾಯಿತು. ಭಟ್ಕಳದ ನವಾಯತರೂ ದಕ್ಷಿಣ ಕನ್ನಡದ ಬ್ಯಾರಿಗಳೂ ಅನುಸರಿಸುವುದು ಇದೇ ಪಂಥವನ್ನು.

ನಮ್ಮ ಕರಾವಳಿಯ ಇತಿಹಾಸಕ್ಕೂ ಅರಬ್ಬಿ ಬರಹಗಳ ಋಣ ದೊಡ್ಡದು. 12ನೆಯ ಶತಮಾನದಲ್ಲಿ ಹಲವು ವರ್ಷ ಮಂಗಳೂರಿನಲ್ಲಿದ್ದು ವ್ಯಾಪಾರ ಮಾಡಿದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಕಾಗದಗಳು, ಹೀಬ್ರೂ ಲಿಪಿಯ ಅರಬ್ಬಿಯಲ್ಲಿ, ಕೈರೋದ ಹಳೆಯ ಪ್ರಾರ್ಥನಾಮಂದಿರದಲ್ಲಿ ಸಿಕ್ಕದಿದ್ದರೆ ಆ ಕಾಲದ ಮಂಗಳೂರಿನ ವ್ಯಾಪಾರದ ಬಗ್ಗೆ, ಅವನ ಬಳಿ ದುಡಿದ ಬೊಮ್ಮನ ಬಗ್ಗೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ಹೀಗಿದ್ದೂ ನಮ್ಮಲ್ಲಿ ಇತಿಹಾಸ ಓದುವ ವಿದ್ಯಾರ್ಥಿಗೆ ಹಳಗನ್ನಡ ಶಾಸನದ ಲಿಪಿಯನ್ನು ಕಲಿಸುವ ಏರ್ಪಾಡು ಅಲ್ಲಲ್ಲಿ ಇದೆ, ಅರಬ್ಬಿ ಕೈಬರಹವನ್ನು ಓದಲು ಕಲಿಸುವ ಏರ್ಪಾಡು ನಾನು ಕಲಿಸಿದ ಕಡೆ ಎಲ್ಲೂ ಇರಲಿಲ್ಲ. ಅರಬ್ಬಿ ಬಲ್ಲವರು ಮದರಸಾಗಳಲ್ಲಿದ್ದಾರೆ, ಇತಿಹಾಸ ಬಲ್ಲವರು ಕಾಲೇಜುಗಳಲ್ಲಿದ್ದಾರೆ. ಇಬ್ಬರೂ ಒಂದೇ ಊರಿನಲ್ಲಿದ್ದರೂ ಒಂದು ಕಾಗದದ ಮುಂದೆ ಒಟ್ಟಿಗೆ ಕೂತದ್ದು ಅಪರೂಪ. ಕರಾವಳಿಯ ಒಂದೆರಡು ಸ್ನಾತಕೋತ್ತರ ವಿಭಾಗಗಳಾದರೂ ಇಂಥ ಒಂದು ಅಲ್ಪಾವಧಿಯ ತರಬೇತಿಯನ್ನು ಆರಂಭಿಸಿ, ವಿದ್ಯಾರ್ಥಿಗಳನ್ನು ಪಣಜಿಯ ಪತ್ರಾಗಾರಕ್ಕೆ ಕರೆದೊಯ್ಯುವ ವ್ಯವಸ್ಥೆ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಲೇಖಕರಲ್ಲಿಯೂ ಒಂದು ವಿನಂತಿಯಿದೆ. ಸಿದ್ದಿಗಳ ಕುರಿತು ಅವರು ಪುಸ್ತಕ ಬರೆಯುತ್ತಿರುವುದಾಗಿ ಲೇಖನದ ಕೊನೆಯಲ್ಲಿ ಹೇಳಿದ್ದಾರೆ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಆ ಒಂದು ವಾಕ್ಯವನ್ನು ತೆಗೆದು, ಅದರ ಜಾಗದಲ್ಲಿ ಕಿಲ್ವಾದ ವೃತ್ತಾಂತಕ್ಕೂ ಗೋವೆಯ 1711ರ ಪತ್ರಗಳಿಗೂ ಜಾಂಜಿಬಾರಿನ ಬಿಡುಗಡೆಪತ್ರಗಳಿಗೂ ಒಂದೆರಡು ಪುಟ ಕೊಡಲಿ. ಆ ಭಾಗವನ್ನು ತಮ್ಮ ಪುರವಣಿಯಲ್ಲಿ ಮೊದಲೇ ಪ್ರಕಟಿಸಿದರೆ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ,
ಹೊನ್ನಾವರ, ಉತ್ತರ ಕನ್ನಡ